ಹೊಸ ಬಾಯ್ಲರ್ ಹಾಕಿಸಿದ ಮೇಲೆ ಮನೆಯಲ್ಲಿ ವಾಸನೆಯೇ? ಮೂಲ ಹುಡುಕುವ ಬಗೆ

ಬ್ರಿಟನ್‌ನಲ್ಲಿ ಹಳೆಯ ಬಾಯ್ಲರ್ ಕೈಕೊಡುವುದು ಸಾಮಾನ್ಯವಾಗಿ ಚಳಿ ಶುರುವಾದಾಗಲೇ. ಬೇಸಿಗೆಯಿಡೀ ಸುಮ್ಮನಿದ್ದದ್ದು ಅಕ್ಟೋಬರ್‌ನಲ್ಲಿ ಹೀಟಿಂಗ್ ಹಾಕಿದ ಕೂಡಲೇ ನಿಂತುಬಿಡುತ್ತದೆ. ತರಾತುರಿಯಲ್ಲಿ ರೇಡಿಯೇಟರ್ ಮತ್ತು ನಲ್ಲಿ ನೀರು ಎರಡನ್ನೂ ಬಿಸಿಮಾಡುವ ಹೊಸ ಕಾಂಬಿ ಬಾಯ್ಲರ್ ಅಡುಗೆಮನೆ ಗೋಡೆಗೆ ಏರುತ್ತದೆ. ಇನ್‌ಸ್ಟಾಲರ್ ಹೊರಟುಹೋಗುತ್ತಾರೆ. ಕಿಟಕಿಗಳೆಲ್ಲ ಮುಚ್ಚಿವೆ. ರಾತ್ರಿಯ ಹೊತ್ತಿಗೆ ಮನೆ ತುಂಬ ಏನೋ ಒಂದು ವಾಸನೆ. ಫೋನ್ ಮಾಡಿ ಕೇಳಿದರೆ "ಹೊಸದಲ್ವಾ, ಸ್ವಲ್ಪ ದಿನ ಹಾಗೇ ಇರುತ್ತೆ" ಅನ್ನುವ ಉತ್ತರ ಸಿಗುತ್ತದೆ.

ಎಷ್ಟೋ ಸಲ ಆ ಮಾತು ನಿಜವೇ. ಆದರೆ ಏನನ್ನೂ ಪರೀಕ್ಷಿಸದೆ ಫೋನಿನಲ್ಲೇ ಹೇಳಿದರೆ ಅದು ಬರೀ ಊಹೆ. ಹೊಸತನದ ವಾಸನೆಗೆ ಒಂದು ಗುಣ ಇದೆ. ಪ್ರತಿ ಸಲ ಬಿಸಿಯಾದಾಗಲೂ ಅದು ಹಿಂದಿನ ಸಲಕ್ಕಿಂತ ಕಮ್ಮಿಯಾಗಬೇಕು. ಹಾಗೇ ಉಳಿದರೆ, ಹೆಚ್ಚಾದರೆ, ಅಥವಾ ಬಾಯ್ಲರ್ ಆಫ್ ಇದ್ದಾಗಲೂ ಬಂದರೆ ಕಾರಣ ಬೇರೆ. ಅದನ್ನು ಹುಡುಕಲೇಬೇಕು.

ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಮನೆಗಳಲ್ಲಿರುವ ನ್ಯಾಚುರಲ್ ಗ್ಯಾಸ್ ಬಾಯ್ಲರ್‌ಗಳ ಬಗ್ಗೆ. ಸೀಮೆಎಣ್ಣೆಯಲ್ಲಿ ಉರಿಯುವ ಆಯಿಲ್ ಬಾಯ್ಲರ್‌ಗಳ ಕಥೆ ಬೇರೆಯೇ.

ಮೊದಲು ಗ್ಯಾಸ್ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಕೊಳೆತ ಮೊಟ್ಟೆ ಅಥವಾ ಕೊಳೆತ ಎಲೆಕೋಸಿನ ತರಹದ ನಾತ ಬಂದರೆ ಮುಂದೆ ಓದುತ್ತಾ ಕೂರಬೇಡಿ. ಬೆಂಕಿಕಡ್ಡಿ ಗೀರಬೇಡಿ, ದೀಪದ ಸ್ವಿಚ್ ಮುಟ್ಟಬೇಡಿ. ಆನ್ ಇದ್ದದ್ದು ಆನ್ ಇರಲಿ, ಆಫ್ ಇದ್ದದ್ದು ಆಫ್ ಇರಲಿ. ಬಾಗಿಲು, ಕಿಟಕಿ ತೆರೆಯಿರಿ. ಮೀಟರ್ ಪಕ್ಕದ ಲಿವರ್ ಅನ್ನು ಕಾಲು ಸುತ್ತು ತಿರುಗಿಸಿ. ಅದು ಪೈಪಿಗೆ ಅಡ್ಡಲಾಗಿ ನಿಂತರೆ ಗ್ಯಾಸ್ ಬಂದ್ ಆಗಿದೆ ಅಂತ ಅರ್ಥ. ಮೀಟರ್ ನೆಲಮಾಳಿಗೆಯಲ್ಲಿದ್ದರೆ ಮಾತ್ರ ಒಳಗೆ ಇಳಿಯಬೇಡಿ. ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬಂದು, ಅಲ್ಲಿಂದ 0800 111 999ಕ್ಕೆ ಕರೆ ಮಾಡಿ. ಇದು ಹಗಲು ರಾತ್ರಿ ನಡೆಯುವ, ದುಡ್ಡಿಲ್ಲದ ತುರ್ತು ಸೇವೆ. ಉತ್ತರ ಐರ್ಲೆಂಡ್‌ನಲ್ಲಿ ನಂಬರ್ 0800 002 001.

ನ್ಯಾಚುರಲ್ ಗ್ಯಾಸ್‌ಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಗಂಧಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ನಮ್ಮ ಊರಿನ ಎಲ್‌ಪಿಜಿ ಸಿಲಿಂಡರ್‌ಗೆ ಬೆರೆಸುವುದೂ ಅದೇ ಜಾತಿಯದು. ಆದ್ದರಿಂದ ಆ ನಾತ ನಮಗೆ ಹೊಸದಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ನ್ಯಾಚುರಲ್ ಗ್ಯಾಸ್ ಹಗುರ, ಚಾವಣಿಯ ಕಡೆಗೆ ಏರುತ್ತದೆ. ಸಿಲಿಂಡರ್ ಅಭ್ಯಾಸದಲ್ಲಿ ಬಗ್ಗಿ ಸಿಂಕ್ ಕೆಳಗೆ ಮೂಸಿ "ಏನೂ ಇಲ್ಲ" ಅಂದುಕೊಂಡರೆ ಸಾಲದು. ಕಪಾಟಿನ ಮೇಲಿನ ಮೂಲೆಯಲ್ಲಿ ಅದು ನಿಂತಿರಬಹುದು.

ನಮ್ಮ ಅಡುಗೆಮನೆಗಳಲ್ಲಿ ಇನ್ನೊಂದು ತೊಡಕಿದೆ. ಇಂಗು, ಈರುಳ್ಳಿ, ಬೆಳ್ಳುಳ್ಳಿ ಮೂರರ ಘಾಟಿಗೂ ಗಂಧಕದ ಸಂಯುಕ್ತಗಳೇ ಕಾರಣ. ಇಂಗಿನ ಒಗ್ಗರಣೆ ಬಿದ್ದ ಮನೆಯಲ್ಲಿ ಸಣ್ಣ ಗ್ಯಾಸ್ ಸೋರಿಕೆ ಸುಲಭವಾಗಿ ಮರೆಯಾಗುತ್ತದೆ. ಜೊತೆಗೆ, ಒಂದೇ ವಾಸನೆಯಲ್ಲಿ ತುಂಬ ಹೊತ್ತು ಇದ್ದರೆ ಮೂಗು ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ಹಾಗಾಗಿ ಹೊರಗಿಂದ ಬಂದವರು "ಏನಿದು ವಾಸನೆ?" ಅಂದರೆ ಅವರ ಮಾತನ್ನೇ ನಂಬಿ. ಅನುಮಾನ ಇದ್ದರೂ ಫೋನ್ ಮಾಡಬಹುದು. ಏನೂ ಸಿಗಲಿಲ್ಲ ಅಂತ ಯಾರೂ ಬೈಯುವುದಿಲ್ಲ.

ತುರ್ತು ಸೇವೆಯವರ ಕೆಲಸ ಮನೆಯನ್ನು ಅಪಾಯದಿಂದ ಪಾರು ಮಾಡುವುದು. ಬಾಯ್ಲರ್ ರಿಪೇರಿ ಅವರ ಕೆಲಸವಲ್ಲ. ಸೋರಿಕೆ ಕಂಡರೆ ಗ್ಯಾಸ್ ನಿಲ್ಲಿಸಿ ಹೋಗುತ್ತಾರೆ. ಆಮೇಲೆ ಗ್ಯಾಸ್ ಸೇಫ್ (ಗ್ಯಾಸ್ ಕೆಲಸದವರ ಅಧಿಕೃತ ಪಟ್ಟಿ) ನೋಂದಣಿ ಇರುವ ಇಂಜಿನಿಯರ್ ಬಂದು ಸರಿಮಾಡಬೇಕು. ಆ ಇಂಜಿನಿಯರ್ ಪೈಪ್‌ಲೈನಿನ ಒತ್ತಡ ಇಳಿಯುತ್ತದೆಯೇ ಅಂತ ಟೈಟ್‌ನೆಸ್ ಟೆಸ್ಟ್ ಮಾಡುತ್ತಾರೆ. ಹಳೆಯ ಪೈಪುಗಳಲ್ಲಿ ಒಂಚೂರು ಒತ್ತಡ ಇಳಿದರೂ ನಿಯಮ ಒಪ್ಪುತ್ತದೆ. ಆದರೆ ಮೂಗಿಗೆ ಗ್ಯಾಸ್ ವಾಸನೆ ಬಡಿಯುತ್ತಿದ್ದರೆ ಒಪ್ಪುವುದಿಲ್ಲ. "ಟೆಸ್ಟ್ ಪಾಸ್ ಆಯ್ತು, ವಾಸನೆ ಬಿಡಿ" ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಹಗಲಲ್ಲಿ ಮನೆಯಲ್ಲಿ ಅವರಿಬ್ಬರೇ ಇರುತ್ತಾರೆ ಅಂದರೆ ಮೀಟರ್ ಎಲ್ಲಿದೆ, ಲಿವರ್ ಯಾವ ಕಡೆ ತಿರುಗಿಸಬೇಕು ಅಂತ ಕೈಹಿಡಿದು ತೋರಿಸಿ. ನಂಬರನ್ನು ಕನ್ನಡದಲ್ಲಿ ಬರೆದು ಬಾಗಿಲ ಬಳಿ ಅಂಟಿಸಿ. ಚಳಿಗೆ ಹೆದರಿ ಅವರು ಕಿಟಕಿ ತೆರೆಯುವುದಿಲ್ಲ. ವಾಸನೆ ಬಂದರೂ ಮಕ್ಕಳಿಗೆ ಯಾಕೆ ತೊಂದರೆ ಅಂತ ಸಂಜೆವರೆಗೆ ಸುಮ್ಮನಿರುತ್ತಾರೆ.

ವಾಸನೆ ಇಲ್ಲದ ಅಪಾಯ

ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ "ವಾಸನೆ ಹೋಯ್ತು, ಎಲ್ಲ ಸರಿಯಾಯ್ತು" ಅಂದುಕೊಳ್ಳುವ ಹಾಗಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ವಿಪರೀತ ಸುಸ್ತು ಇದ್ದು, ಹೊರಗೆ ಹೋದಾಗ ಕಮ್ಮಿಯಾಗಿ ಮನೆಗೆ ಬಂದಾಗ ಮತ್ತೆ ಶುರುವಾದರೆ ಬಾಯ್ಲರ್ ಆಫ್ ಮಾಡಿ ಹೊರಗೆ ಬನ್ನಿ. ಕರೆ ಮಾಡಬೇಕಾದ್ದು ಅದೇ ತುರ್ತು ನಂಬರಿಗೆ. ವೈದ್ಯರನ್ನೂ ಕಾಣಿ. ಯಾರಾದರೂ ಕುಸಿದುಬಿದ್ದರೆ 999.

ಇಂಗ್ಲೆಂಡ್‌ನಲ್ಲಿ 2022ರ ಅಕ್ಟೋಬರ್‌ನಿಂದ ಹೊಸ ಬಾಯ್ಲರ್ ಹಾಕಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಬಾಯ್ಲರ್‌ನಿಂದ ಅಡ್ಡಕ್ಕೆ 1ರಿಂದ 3 ಮೀಟರ್ ದೂರದಲ್ಲಿ ಅದು ಇರಬೇಕು. ಅದರ ಬಟನ್ ಒತ್ತಿ ಶಬ್ದ ಬರುತ್ತದಾ ನೋಡಿ. ಹಿಂಬದಿಯಲ್ಲಿರುವ ಬದಲಾಯಿಸಬೇಕಾದ ದಿನಾಂಕ ದಾಟಿದೆಯಾ ಅಂತಲೂ ನೋಡಿ. ಅಲಾರಂ ಇಲ್ಲದ ಮನೆಯಲ್ಲಿ ಮುಂದಿನ ಯಾವ ಪ್ರಯೋಗವನ್ನೂ ಮಾಡಬೇಡಿ. ಮೊದಲು ಒಂದು ತಂದು ಹಾಕಿ.

ಯಾವಾಗ ಬರುತ್ತೆ, ಎಲ್ಲಿ ಬರುತ್ತೆ

ಈ ಎರಡು ಅಪಾಯ ಇಲ್ಲ ಅಂತಾದ ಮೇಲೆ ಪತ್ತೆ ಕೆಲಸ ಶುರು. ಎಲ್ಲರೂ "ಎಂಥ ವಾಸನೆ?" ಅಂತಲೇ ಕೇಳುತ್ತಾರೆ. ಆದರೆ ಒಬ್ಬರಿಗೆ ರಬ್ಬರ್ ಅನಿಸಿದ್ದು ಇನ್ನೊಬ್ಬರಿಗೆ ಪೇಂಟ್ ಅನಿಸುತ್ತದೆ. ಯಾವಾಗ, ಎಲ್ಲಿ ಅನ್ನುವುದರಲ್ಲಿ ಗೊಂದಲ ಕಮ್ಮಿ. ಅದಕ್ಕೇ ನಾನು ಯಾವತ್ತೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಬೆಳಿಗ್ಗೆ ಮನೆ ತಣ್ಣಗಿರುವಾಗ, ಅಡುಗೆ ಶುರು ಮಾಡುವ ಮೊದಲು ಮಾಡಿ. ಅಗರಬತ್ತಿ ಬೇಡ, ರೂಮ್ ಫ್ರೆಶ್‌ನರ್ ಬೇಡ. ಮೊದಲು ಹೀಟಿಂಗ್ ಪೂರ್ತಿ ಆಫ್ ಇಟ್ಟು ಬಾಯ್ಲರ್ ಸುತ್ತ ಮೂಸಿ. ಈಗಲೇ ವಾಸನೆ ಇದ್ದರೆ ಅದಕ್ಕೂ ಬಾಯ್ಲರ್ ಉರಿಯುವುದಕ್ಕೂ ಸಂಬಂಧ ಇಲ್ಲ. ಗ್ಯಾಸ್ ಪೈಪು, ಡ್ರೈನ್, ಕಪಾಟಿನೊಳಗಿನ ಸಾಮಾನು, ಹೆಚ್ಚಾಗಿ ಈ ಮೂರರಲ್ಲಿ ಒಂದಿರುತ್ತದೆ.

ಆಮೇಲೆ ಹೀಟಿಂಗ್ ಆಫ್ ಇದ್ದಂತೆಯೇ ಸಿಂಕಿನ ಬಿಸಿನೀರಿನ ನಲ್ಲಿಯನ್ನು ಹತ್ತು ನಿಮಿಷ ಬಿಡಿ. ಕಾಂಬಿಯಲ್ಲಿ ಈಗ ಬರ್ನರ್ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಹೊಗೆ ಹೊರಗೆ ಹೋಗುತ್ತದೆ. ರೇಡಿಯೇಟರ್‌ಗಳು ಮಾತ್ರ ತಣ್ಣಗಿರುತ್ತವೆ. ಈ ಹೊತ್ತಿನಲ್ಲಿ ವಾಸನೆ ಬಂದರೆ ಕಾರಣ ಬಾಯ್ಲರ್, ಅದರ ಫ್ಲೂ (ಹೊಗೆ ಹೊರಗೆ ಹೋಗುವ ಪೈಪು) ಅಥವಾ ಅದಕ್ಕೆ ಹತ್ತಿದ ಪೈಪುಗಳಲ್ಲಿದೆ.

ನಲ್ಲಿ ನಿಲ್ಲಿಸಿ ಹೀಟಿಂಗ್ ಹಾಕಿ. ಹಿಂದಿನ ಎರಡು ಹಂತಗಳಲ್ಲಿ ಇಲ್ಲದ ವಾಸನೆ ಈಗ ಬೆಡ್‌ರೂಮಿನಲ್ಲೋ ಹಾಲಿನಲ್ಲೋ ಬಂದರೆ ಅದು ರೇಡಿಯೇಟರಿನದ್ದು. ಕೋಣೆಗಳ ಬಾಗಿಲು ಮುಚ್ಚಿಟ್ಟು, ಅರ್ಧ ಗಂಟೆ ಬಿಟ್ಟು ಒಂದೊಂದಾಗಿ ತೆಗೆದು ಮೂಸಿದರೆ ಯಾವ ರೇಡಿಯೇಟರ್ ಅಂತಲೂ ಗೊತ್ತಾಗುತ್ತದೆ. ಏನು ಕಂಡಿತು ಅಂತ ಬರೆದಿಡಿ. ಎರಡು ದಿನ ಬಿಟ್ಟು ಇದನ್ನೇ ಇನ್ನೊಮ್ಮೆ ಮಾಡಿ ಹೋಲಿಸಿ.

ತಾನಾಗೇ ಹೋಗುವ ವಾಸನೆಗಳು

ಹೊಸ ರೇಡಿಯೇಟರ್‌ಗಳಿಗೆ ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ ಮೊದಲ ಸಲ ಚೆನ್ನಾಗಿ ಬಿಸಿಯಾದಾಗ ಪೇಂಟ್ ಘಾಟು ಬಿಡುತ್ತದೆ. ಕಮ್ಮಿ ಬಿಸಿಯಲ್ಲಿ ವಾರಗಟ್ಟಲೆ ಎಳೆಯುವ ಬದಲು, ಒಂದು ದಿನ ಕಿಟಕಿ ತೆರೆದಿಟ್ಟು ಹೀಟಿಂಗ್ ನೀರಿನ ಬಿಸಿಯನ್ನು 70 ಡಿಗ್ರಿಗೆ ಏರಿಸಿ ಕೆಲವು ಗಂಟೆ ಓಡಿಸಿದರೆ ಬೇಗ ಮುಗಿಯುತ್ತದೆ. ಪುಟ್ಟ ಮಕ್ಕಳಿದ್ದರೆ ಅಷ್ಟು ಹೊತ್ತು ಬೇರೆ ಕೋಣೆಯಲ್ಲಿರಲಿ. ರೇಡಿಯೇಟರ್ ಮುಟ್ಟಿದರೆ ಕೈ ಚುರುಕ್ ಅನ್ನುವಷ್ಟು ಬಿಸಿಯಿರುತ್ತದೆ. ಆಮೇಲೆ ಬಿಸಿಯನ್ನು ಮೊದಲಿನ ಮಟ್ಟಕ್ಕೆ ಇಳಿಸುವುದನ್ನು ಮರೆಯಬೇಡಿ.

ಹಳೆಯ ರೇಡಿಯೇಟರ್ ಹಾಗೇ ಉಳಿದಿದ್ದರೆ ಅದರ ರೆಕ್ಕೆಗಳ ನಡುವೆ ಕೂತ ಧೂಳು ಸೀಯುತ್ತದೆ. ಉದ್ದ ಬ್ರಷ್ ಹಾಕಿ ತೆಗೆದರೆ ಮುಗಿಯಿತು.

ತಾಮ್ರದ ಪೈಪುಗಳಿಗೆ ಬೆಸುಗೆ ಹಾಕುವಾಗ ಫ್ಲಕ್ಸ್ ಹಚ್ಚುತ್ತಾರೆ. ಒರೆಸದೆ ಬಿಟ್ಟ ಫ್ಲಕ್ಸ್ ಪೈಪು ಬಿಸಿಯಾದಾಗಲೆಲ್ಲ ಮೂಗು ಚುಚ್ಚುವ ಘಾಟು ಬಿಡುತ್ತದೆ. ಬಾಯ್ಲರ್ ಕೆಳಗಿನ ಜಾಯಿಂಟುಗಳನ್ನು ಟಾರ್ಚ್ ಹಾಕಿ ನೋಡಿ. ಕಂದು ಬಣ್ಣದ ಅಂಟು ಕಂಡರೆ ಪೈಪು ತಣ್ಣಗಿರುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಾಗೇ ಬಿಟ್ಟರೆ ತಾಮ್ರ ಹಸಿರುಗಟ್ಟುತ್ತದೆ. ಫ್ಲೂ ಗೋಡೆ ದಾಟುವ ಜಾಗದಲ್ಲಿ ವಿನೆಗರ್ ತರಹದ ಹುಳಿ ವಾಸನೆ ಇದ್ದರೆ ಅದು ಸಿಲಿಕಾನ್ ಸೀಲೆಂಟ್ ಒಣಗುತ್ತಿರುವುದು. ಕೆಲವು ದಿನಗಳಲ್ಲಿ ಹೋಗುತ್ತದೆ.

ಬಾಯ್ಲರ್ ಒಳಗಿನ ಎಣ್ಣೆ ಸುಡುವ ವಾಸನೆ ಅಂತ ಹೇಳುವುದುಂಟು. ಇದನ್ನು ಸ್ವಲ್ಪ ಯೋಚಿಸಿ ಒಪ್ಪಿಕೊಳ್ಳಬೇಕು. ಈಗಿನ ಬಾಯ್ಲರ್‌ಗಳಲ್ಲಿ ಬೆಂಕಿ ಉರಿಯುವ ಭಾಗ ಕೋಣೆಯ ಗಾಳಿಗೆ ತೆರೆದುಕೊಂಡಿರುವುದಿಲ್ಲ. ಗಾಳಿಯನ್ನು ಫ್ಲೂ ಪೈಪಿನ ಹೊರ ಪದರದಿಂದ ಎಳೆದುಕೊಂಡು, ಉರಿದದ್ದನ್ನು ಒಳ ಪದರದಿಂದ ಹೊರಗೆ ತಳ್ಳುತ್ತದೆ. ಹಾಗಾಗಿ ಹೀಟ್ ಎಕ್ಸ್‌ಚೇಂಜರ್ ಮೇಲಿನ ಎಣ್ಣೆ ಸುಟ್ಟರೆ ಆ ವಾಸನೆ ಮನೆಯ ಹೊರಗೆ ಬರಬೇಕು. ಕವಚ, ಪಂಪ್, ಪೈಪುಗಳ ಹೊರಮೈ ಬಿಸಿಯಾದಾಗ ಒಳಗೂ ಸ್ವಲ್ಪ ಬರುವುದು ಸಹಜ. ಆದರೆ ಅಡುಗೆಮನೆ ತುಂಬುವಷ್ಟು ಸುಟ್ಟ ವಾಸನೆ ಬಂದರೆ ಫ್ಲೂ ಅಥವಾ ಕವಚದ ಸೀಲ್ ಸರಿಯಾಗಿ ಕೂತಿದೆಯೇ ಅಂತ ಕೇಳಲೇಬೇಕು.

ಬಾಯ್ಲರ್ ಕಪಾಟನ್ನೂ ಒಮ್ಮೆ ಖಾಲಿ ಮಾಡಿ ನೋಡಿ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲಿ ಅಂತ ಅಲ್ಲಿ ಪಾತ್ರೆ ಇಡುವವರು ಜಾಸ್ತಿ. ಹುಳಿಪುಡಿ, ಇಂಗಿನ ಡಬ್ಬಿ, ಒಣಮೆಣಸಿನಕಾಯಿ ಬಾಯ್ಲರ್ ಪಕ್ಕ ಬೆಚ್ಚಗೆ ಕೂತರೆ ಅವುಗಳ ವಾಸನೆ ದುಪ್ಪಟ್ಟಾಗುತ್ತದೆ. ಅದಕ್ಕಿಂತ ಮುಖ್ಯ, ಬಾಯ್ಲರ್ ಸುತ್ತ ಕೈಪಿಡಿಯಲ್ಲಿ ಹೇಳಿದಷ್ಟು ಜಾಗ ಖಾಲಿ ಇರಬೇಕು.

ಗ್ಯಾಸ್ ಅಲ್ಲ ಅಂದರೂ ಮೊಟ್ಟೆ ನಾತ

ಇದು ಜಾಸ್ತಿ ಗೊಂದಲ ಮಾಡುವ ದೂರು. ರೆಡಿಂಗ್‌ನಲ್ಲಿ ನನ್ನ ಸ್ನೇಹಿತರ ಮನೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಹೊಸ ಬಾಯ್ಲರ್ ಬಂದ ವಾರದಿಂದ ಅಡುಗೆಮನೆಯಲ್ಲಿ ಕೊಳೆತ ಮೊಟ್ಟೆ ನಾತ. ತುರ್ತು ಸೇವೆಯವರು ಬಂದು ಡಿಟೆಕ್ಟರ್ ಹಿಡಿದು ಮೂಲೆಮೂಲೆ ನೋಡಿದರು, ಗ್ಯಾಸ್ ಇಲ್ಲ. ಟೈಟ್‌ನೆಸ್ ಟೆಸ್ಟ್‌ನಲ್ಲೂ ಏನೂ ಇಲ್ಲ. ಬಾಯ್ಲರ್ ಆಫ್ ಮಾಡಿದರೂ ನಾತ ಹೋಗಲಿಲ್ಲ. ಬೆಳಿಗ್ಗೆ ಎಲ್ಲರೂ ಏಳುವ ಹೊತ್ತಿಗೆ ಹೆಚ್ಚು, ಮಧ್ಯಾಹ್ನ ಕಮ್ಮಿ.

ಕಂಡೆನ್ಸಿಂಗ್ ಬಾಯ್ಲರ್ ಉರಿದ ಗಾಳಿಯನ್ನು ತಣಿಸಿ ಅದರ ಬಿಸಿಯನ್ನೂ ಬಳಸಿಕೊಳ್ಳುತ್ತದೆ. ಆಗ ಇಳಿಯುವ ಸ್ವಲ್ಪ ಆಮ್ಲೀಯ ನೀರು ಸಣ್ಣ ಪ್ಲಾಸ್ಟಿಕ್ ಪೈಪಿನಲ್ಲಿ ಡ್ರೈನಿಗೆ ಹೋಗಬೇಕು. ಆ ಮನೆಯಲ್ಲಿ ಈ ಪೈಪು ವಾಷಿಂಗ್ ಮೆಷಿನ್ ಹಿಂದೆ ಇಳಿದು, ಬಿಳಿ ಪ್ಲಾಸ್ಟಿಕ್‌ನ ಬಾಯ್ತೆರೆದ ಆಲಿಕೆಯಂಥ ಟಂಡಿಶ್‌ಗೆ ನೀರು ಬಿಡುತ್ತಿತ್ತು. ಟಂಡಿಶ್‌ನ ಕೆಳಗಿನ ಪೈಪು ನೇರವಾಗಿ ಟಾಯ್ಲೆಟ್‌ನ ದೊಡ್ಡ ಪೈಪಿಗೆ ಸೇರಿತ್ತು. ಮೆಷಿನ್ ಎಳೆದು ಒಂದು ತೆಳು ಟಿಶ್ಯೂ ಪಟ್ಟಿಯನ್ನು ಟಂಡಿಶ್ ಬಾಯಿಗೆ ಹಿಡಿದು, ಮಹಡಿ ಮೇಲೆ ಫ್ಲಶ್ ಮಾಡಿಸಿದೆವು. ಟಿಶ್ಯೂ ಹೊರಕ್ಕೆ ಹಾರಿತು, ಜೊತೆಗೇ ನಾತ. ಬಾಯ್ಲರ್ ಒಳಗೆ ನೀರಿನ ತಡೆ ಇರುವ ಟ್ರ್ಯಾಪ್ ಇತ್ತು. ಆದರೆ ಟಂಡಿಶ್ ಕೆಳಗೆ ಯಾವ ಟ್ರ್ಯಾಪೂ ಇರಲಿಲ್ಲ. ಚರಂಡಿಯ ಗಾಳಿ ಆ ತೆರೆದ ಬಾಯಿಂದ ಸಲೀಸಾಗಿ ಅಡುಗೆಮನೆಗೆ ಬರುತ್ತಿತ್ತು. ಬೆಳಿಗ್ಗೆ ಎಲ್ಲರೂ ಟಾಯ್ಲೆಟ್ ಬಳಸುವಾಗ ನಾತ ಹೆಚ್ಚಾಗುತ್ತಿದ್ದದ್ದು ಇದಕ್ಕೇ. ಕೆಳಗೊಂದು ಟ್ರ್ಯಾಪ್ ಹಾಕಿಸಿದರು, ಅವತ್ತಿಗೇ ನಿಂತಿತು.

ಇದರ ಪಕ್ಕದಲ್ಲೇ ಇನ್ನೊಂದು ತಪ್ಪು ಇರುವುದುಂಟು, ಅದು ಹೆಚ್ಚು ಅಪಾಯದ್ದು. ಬಾಯ್ಲರ್ ಒಳಗಿನ ಟ್ರ್ಯಾಪ್‌ಗೆ ಮೊದಲ ಸಲ ಉರಿಸುವ ಮುಂಚೆಯೇ ನೀರು ತುಂಬಿಸಬೇಕು. ತುಂಬಿಸದಿದ್ದರೆ, ಅಥವಾ ಟ್ರ್ಯಾಪ್ ಸರಿಯಾಗಿ ಕೂರದಿದ್ದರೆ, ಉರಿದ ಅನಿಲ ಫ್ಲೂ ಬಿಟ್ಟು ಈ ನೀರಿನ ಪೈಪಿನ ದಾರಿ ಹಿಡಿಯುತ್ತದೆ. ಬಿಸಿನೀರು ಬಿಟ್ಟಾಗ ಮಾತ್ರ ಬಾಯ್ಲರ್ ಕೆಳಗೆ ಹಬೆ ಕಟ್ಟಿದ, ಉಸಿರುಕಟ್ಟುವ ವಾಸನೆ ಬಂದರೆ ಬಾಯ್ಲರ್ ಆಫ್ ಮಾಡಿ, ಕಿಟಕಿ ತೆರೆದು, ತುರ್ತು ನಂಬರಿಗೆ ಹೇಳಿ. ಕವಚವನ್ನು ನೀವೇ ಬಿಚ್ಚಬೇಡಿ. ಹಲವು ಮಾದರಿಗಳಲ್ಲಿ ಅದೇ ಸೀಲಿನ ಒಂದು ಭಾಗ.

ರೇಡಿಯೇಟರಿನ ಗಾಳಿ ಬಿಡುವಾಗ ಮಾತ್ರ ಮೊಟ್ಟೆ ನಾತ ಬಂದರೆ ಒಳಗಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ. ಹಳೆಯ ಪೈಪುಗಳನ್ನು ತೊಳೆಯದೆ, ತುಕ್ಕು ತಡೆಯುವ ಇನ್ಹಿಬಿಟರ್ ದ್ರವ ಹಾಕದೆ ಹೊಸ ಬಾಯ್ಲರ್ ಜೋಡಿಸಿದಾಗ ಹೀಗಾಗುತ್ತದೆ. ಬಿಎಸ್ 7593 ಎಂಬ ಬ್ರಿಟಿಷ್ ಮಾನದಂಡ ಈ ಎರಡನ್ನೂ, ಜೊತೆಗೆ ಫಿಲ್ಟರ್ ಒಂದನ್ನೂ ಬಯಸುತ್ತದೆ. ಆ ಗಾಳಿಯ ಹತ್ತಿರ ಬೆಂಕಿ ಹಿಡಿಯಬೇಡಿ. ಕಬ್ಬಿಣ ತುಕ್ಕು ಹಿಡಿಯುವಾಗ ಹುಟ್ಟಿದ ಹೈಡ್ರೋಜನ್ ಅದರಲ್ಲಿರಬಹುದು. ಬಿಸಿನೀರಿನ ಸಿಲಿಂಡರ್ ಇರುವ ಮನೆಯಲ್ಲಿ ನಲ್ಲಿಯ ಬಿಸಿನೀರಿಗೇ ನಾತ ಇದ್ದು ತಣ್ಣೀರಿಗೆ ಇಲ್ಲದಿದ್ದರೆ ಸಿಲಿಂಡರ್ ಕಡೆ ನೋಡಬೇಕು.

ಮೀನಿನ ವಾಸನೆ, ಹೊಗೆ, ಮುಗ್ಗಲು

ಮೀನು ತರದ ಮನೆಯಲ್ಲಿ ಮೀನಿನ ವಾಸನೆ ಬಂದರೆ ಎಲ್ಲೋ ವೈರಿಂಗ್ ಬಿಸಿಯಾಗುತ್ತಿದೆ. ಸ್ವಿಚ್, ಸಾಕೆಟ್‌ಗಳ ಕೆಲವು ಪ್ಲಾಸ್ಟಿಕ್‌ಗಳು ಕಾದಾಗ ಬಿಡುವ ವಾಸನೆ ಹಾಗೇ ಇರುತ್ತದೆ. ಬಾಯ್ಲರ್‌ಗೆ ಕರೆಂಟ್ ಬರುವುದು 3 ಆಂಪ್ ಫ್ಯೂಸ್ ಇರುವ ಗೋಡೆಯ ಸ್ವಿಚ್‌ನಿಂದ. ಒಳಗೆ ತಿರುಪು ಸಡಿಲ ಇದ್ದರೆ ಸಾಕು, ಕಾಯುತ್ತದೆ. ಆಫ್ ಮಾಡಿ, ಮತ್ತೆ ಹಾಕಬೇಡಿ. ಅದರ ಮುಖ ಕಂದು ಬಣ್ಣಕ್ಕೆ ತಿರುಗಿದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಿ ಎಲೆಕ್ಟ್ರಿಷಿಯನ್ ಕರೆಸಿ. ಈ ವಾಸನೆಗೆ ಕಾದು ನೋಡುವ ಮಾತೇ ಇಲ್ಲ.

ಹೊರಗಿನ ಫ್ಲೂ ಬಾಯಿ ತೆರೆಯುವ ಕಿಟಕಿಯಿಂದ ಕನಿಷ್ಠ 300 ಮಿಲಿಮೀಟರ್ ದೂರ ಇರಬೇಕು. ಸಾಲುಮನೆಗಳ ನಡುವಿನ ಇಕ್ಕಟ್ಟಿನಲ್ಲಿ, ಗಾಳಿ ಆಡದ ಚಳಿ ದಿನ, ಬಿಳಿ ಹಬೆ ಅಲ್ಲೇ ಸುಳಿದಾಡಿ ಕಿಟಕಿಯಿಂದ ಒಳಗೆ ಬರುತ್ತದೆ. ಹೊರಗೆ ನಿಂತು ಹಬೆ ಯಾವ ಕಡೆ ಹೋಗುತ್ತದೆ ಅಂತ ನೋಡಿ. ನಿಮ್ಮದು ಆಫ್ ಇದ್ದಾಗಲೂ ಬಂದರೆ ಪಕ್ಕದ ಮನೆಯದ್ದಿರಬಹುದು. ಫ್ಲೂ ಬಾಯಿಯನ್ನು ಬೇರೆ ಕಡೆ ತಿರುಗಿಸುವ ಪ್ಲೂಮ್ ಕಿಟ್ ಸಿಗುತ್ತದೆ, ಅದನ್ನು ಗ್ಯಾಸ್ ಸೇಫ್ ಇಂಜಿನಿಯರೇ ಹಾಕಬೇಕು.

ಮುಗ್ಗಲು ವಾಸನೆ ಬಂದು, ಒತ್ತಡದ ಗೇಜ್ ದಿನೇ ದಿನೇ ಇಳಿಯುತ್ತಿದ್ದರೆ ನೀರು ಸೋರುತ್ತಿದೆ. ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ನೆಲದ ಹಲಗೆ, ಕಾರ್ಪೆಟ್ ಅಂಚು ಮುಟ್ಟಿ ನೋಡಿ. ಸುಮ್ನೆ ನೀರು ತುಂಬಿಸುತ್ತಾ ಹೋದರೆ ಇನ್ಹಿಬಿಟರ್ ತೆಳುವಾಗುತ್ತದೆ, ಒಳಗೆ ತುಕ್ಕು ಹೆಚ್ಚಾಗುತ್ತದೆ.

ಇನ್‌ಸ್ಟಾಲರ್‌ಗೆ ಏನು ಹೇಳಬೇಕು

"ವಾಸನೆ ಬರ್ತಿದೆ" ಅಂದರೆ ಅವರು ಬರುವುದಿಲ್ಲ. "ಹೀಟಿಂಗ್ ಆಫ್ ಇದ್ದು ಬಿಸಿನೀರು ಬಿಟ್ಟಾಗ, ಐದು ನಿಮಿಷದೊಳಗೆ, ಬಾಯ್ಲರ್ ಕೆಳಗೆ ಬರುತ್ತದೆ, ವಾರವಾದರೂ ಕಮ್ಮಿಯಾಗಿಲ್ಲ" ಅಂತ ಬರೆದು ಕಳಿಸಿ. ಫೋನಿನಲ್ಲಿ ಬೇಡ, ಬರಹದಲ್ಲೇ ಇರಲಿ.

ಬಂದಾಗ ಅನಲೈಸರ್‌ನಿಂದ ಫ್ಲೂ ಪರೀಕ್ಷೆ ಮಾಡಿ ಅಂಕಿ ತೋರಿಸಲು ಕೇಳಿ. ಫ್ಲೂ ಒಳಗೆ ಸೋರದಿದ್ದರೆ, ಗಾಳಿ ಎಳೆಯುವ ಪದರದಲ್ಲಿ ಆಮ್ಲಜನಕ 20.6 ಶೇಕಡಕ್ಕಿಂತ ಕಮ್ಮಿ ಇರಬಾರದು. ಸರಿಯಾಗಿ ಉರಿಯುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳ ಅನುಪಾತ 0.004 ದಾಟಬಾರದು. ಕೈಪಿಡಿಯ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಇನ್‌ಸ್ಟಾಲರ್ ತುಂಬಬೇಕಾದ ಬೆಂಚ್‌ಮಾರ್ಕ್ ಪಟ್ಟಿ ಇರುತ್ತದೆ. ಬಾಯ್ಲರ್ ಚಾಲೂ ಮಾಡಿದ ದಿನವೇ ಈ ಅನುಪಾತ, ಹಾಕಿದ ಇನ್ಹಿಬಿಟರ್ ಎಲ್ಲ ಅದರಲ್ಲಿ ತುಂಬಿರಬೇಕು. ಪಟ್ಟಿ ಖಾಲಿ ಇದ್ದರೆ ನನಗೆ ಆ ಕೆಲಸದ ಮೇಲೆ ಭರವಸೆ ಉಳಿಯುವುದಿಲ್ಲ. ವಾರಂಟಿ ಕೇಳುವಾಗಲೂ ತಯಾರಕರು ಮೊದಲು ನೋಡುವುದು ಅದನ್ನೇ.

ಬಂದವರ ಗ್ಯಾಸ್ ಸೇಫ್ ಕಾರ್ಡನ್ನು ತಿರುಗಿಸಿ ನೋಡಿ. ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಹಿಂಬದಿಯಲ್ಲಿ ಬರೆದಿರುತ್ತದೆ. ಪದೇ ಪದೇ ಕರೆದರೂ ಅವರು ಬರದಿದ್ದರೆ ಗ್ಯಾಸ್ ಸೇಫ್ ರಿಜಿಸ್ಟರ್‌ಗೆ ದೂರು ಕೊಡಬಹುದು. ಸುರಕ್ಷತೆಯ ವಿಷಯವಾದರೆ ಅವರ ಇನ್‌ಸ್ಪೆಕ್ಟರ್ ಬಂದು ಕೆಲಸ ನೋಡುತ್ತಾರೆ. ಬಾಡಿಗೆ ಮನೆಯಾದರೆ ಇದೆಲ್ಲ ಮನೆ ಮಾಲೀಕರ ಜವಾಬ್ದಾರಿ. ಮೊದಲ ಇಮೇಲ್ ಅವರಿಗೆ ಹೋಗಲಿ, ಅದರಲ್ಲಿ ನೀವು ಬರೆದಿಟ್ಟ ದಿನ, ಹೊತ್ತು, ಜಾಗ ಮೂರೂ ಇರಲಿ.